ಹುಳದ ಮೇಷ್ಟ್ರ ಪ್ರಬಂಧವನ್ನು ಓದಿದವರು

ನನ್ನ ಮೈದುನನನ್ನು ಎಲ್ಲರೂ ಹುಳದ ಮೇಷ್ಟ್ರು ಎಂದು ಕರೆಯುತ್ತಿದ್ದರು. ಕಾಲೇಜಿನಲ್ಲಿ ಅವನು ಕಲಿಸುತ್ತಿದ್ದದ್ದು ಪ್ರಾಣಿಶಾಸ್ತ್ರ. ಅಲ್ಲಿ ಆನೆಯೂ ಬರುತ್ತಿತ್ತು, ಎರೆಹುಳವೂ ಬರುತ್ತಿತ್ತು. ಮನೆಯಲ್ಲಿ ಮಾತ್ರ ಅವನಿಗಿದ್ದದ್ದು ಒಂದೇ ಜೀವ, ಕುಂಬಾರ ಹುಳ. ಕಪ್ಪು ಮೈ, ಹಳದಿ ಪಟ್ಟೆ, ಈಗ ಮುರಿಯುತ್ತದೋ ಆಗ ಮುರಿಯುತ್ತದೋ ಎನ್ನುವಷ್ಟು ಸಣ್ಣ ಸೊಂಟ. ಬಾಯಲ್ಲಿ ಒದ್ದೆ ಮಣ್ಣು ತಂದು ಗೋಡೆಯ ಮೇಲೆ ಬೆರಳ ತುದಿಯಷ್ಟು ಗಡಿಗೆ ಕಟ್ಟುತ್ತದೆ. ಅದರಲ್ಲಿ ಒಂದು ಮೊಟ್ಟೆ ಇಟ್ಟು, ಹುಟ್ಟುವ ಮರಿಗೆ ಸಾಲುವಷ್ಟು ಸಣ್ಣ ಹಸಿರು ಹುಳಗಳನ್ನು ತುಂಬಿ, ಬಾಯಿ ಮೆತ್ತಿ ಹೊರಟುಹೋಗುತ್ತದೆ. ಮರಿಯ ಮುಖವನ್ನು ಅದು ನೋಡುವುದೇ ಇಲ್ಲ.

ನಮ್ಮದು ಮೇಲಿನ ಮಹಡಿಯ ಎರಡು ಕೋಣೆ. ಮುಂದೆ ಬಟ್ಟೆ ಒಣಹಾಕುವ ತಾರಸಿ. ತಾರಸಿಯ ಒಂದು ಕಡೆ ಉದ್ದ ಗೋಡೆ, ಅದರ ನೆತ್ತಿಯ ಮೇಲೆ ಮುಂದಕ್ಕೆ ಚಾಚಿದ ಸಜ್ಜೆ. ಬಿಸಿಲು ಬೀಳುತ್ತದೆ, ನೀರು ಬೀಳುವುದಿಲ್ಲ. ಹುಳಗಳಿಗೆ ಅದಕ್ಕಿಂತ ಒಳ್ಳೆಯ ಮನೆ ಸಿಗುವುದುಂಟೇ? ಆ ಗೋಡೆಗೆ ಪೊರಕೆ ತಾಗಿಸಲು ನನಗೆ ಅಪ್ಪಣೆ ಇರಲಿಲ್ಲ. ಕೆಳಗಿನ ಮನೆಯಾಕೆ ಮೇಲೆ ಬಂದಾಗಲೆಲ್ಲ ಮೂಗು ಮುರಿಯುತ್ತಿದ್ದಳು.

“ಏನ್ರೀ ಇದು, ನಿಮ್ಮ ಗೋಡೆಗೆ ಕಜ್ಜಿ ಎದ್ದಿದೆಯಲ್ಲ! ಔಷಧಿ ಹೊಡೆಸಬಾರ್ದಾ?”

“ಅಕ್ಕಾ, ಅವು ಬಾಡಿಗೆ ಕೊಡದ ಬಾಡಿಗೆದಾರರು,” ಎನ್ನುತ್ತಿದ್ದ ಮೈದುನ. “ಎಬ್ಬಿಸ್ಬೇಕು ಅಂದ್ರೆ ಕೋರ್ಟಿಗೇ ಹೋಗ್ಬೇಕು. ಅಲ್ಲೂ ಅವುಗಳ ಕೇಸೇ ಗೆಲ್ಲುತ್ತೆ.”

ಅವನು ನನಗೆ ಮೈದುನ ಎನ್ನುವುದು ಬರಿಯ ಲೆಕ್ಕದ ಮಾತು. ನಾನು ಮದುವೆಯಾಗಿ ಆ ಮನೆಗೆ ಬಂದಾಗ ಅವನಿಗಿನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ತಾಯಿ ಹೋಗಿ ಸ್ವಲ್ಪ ಕಾಲವಾಗಿತ್ತು. ಬಾಗಿಲ ಹಿಂದೆ ನಿಂತು ನನ್ನನ್ನು ನೋಡುತ್ತಿದ್ದವನು, “ನೀವು ಇಲ್ಲೇ ಇರ್ತೀರಾ?” ಎಂದು ಕೇಳಿದ. ಇರ್ತೀನಿ ಕಣೋ ಎಂದೆ. ಅಷ್ಟೇ ನಮ್ಮ ಒಪ್ಪಂದ. ಮುಂದೆ ನನ್ನ ಯಜಮಾನರು ಹೋದಾಗ ಬಂಧುಗಳು ಕುಳಿತು ನನ್ನನ್ನು ಯಾರ ಮನೆಗೆ ಕಳಿಸುವುದೆಂದು ಮಾತಾಡಿಕೊಳ್ಳುತ್ತಿದ್ದರು. ಇವನು ಎದ್ದು ನಿಂತು, “ಅತ್ತಿಗೆ ಎಲ್ಲಿಗೂ ಹೋಗೋದಿಲ್ಲ. ಹೋಗೋರು ನೀವು, ಬಸ್ಸಿಗೆ ಹೊತ್ತಾಯ್ತು,” ಎಂದ. ಅವನು ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ, “ಮನೆಯಲ್ಲಿ ಆಗಲೇ ಹತ್ತಾರು ಹೆಂಗಸರು ಗೋಡೆ ಹಿಡಿದು ಕೂತಿದಾರೆ,” ಎಂದು ಹುಳಗಳನ್ನು ತೋರಿಸುತ್ತಿದ್ದ. ನಾನು ಅಕ್ಷರ ಕೂಡಿಸಿ ಓದುವುದನ್ನು ಕಲಿತದ್ದೂ ಅವನಿಂದಲೇ, ತಲೆ ನರೆತ ಮೇಲೆ.

ಒಂದು ಹುಳದಂತೆಯೇ ಇನ್ನೊಂದು ಹುಳ ಇರುತ್ತದಲ್ಲ, ಗುರುತು ಹಿಡಿಯಲು ಅವನೊಂದು ಉಪಾಯ ಮಾಡಿಕೊಂಡಿದ್ದ. ಬ್ರಷ್ಷಿನ ಒಂದೇ ಕೂದಲನ್ನು ಬಣ್ಣದಲ್ಲಿ ಅದ್ದಿ, ಹುಳ ಗಡಿಗೆಯೊಳಗೆ ತಲೆ ಹಾಕಿರುವಾಗ ಅದರ ಬೆನ್ನಿಗೆ ಚುಕ್ಕೆ ಇಡುತ್ತಿದ್ದ. ಉಸಿರು ಬಿಗಿಹಿಡಿದು ಇಡುತ್ತಿದ್ದ. ಹಾಗೆ ಕೆಂಪು ಚುಕ್ಕೆಯವಳು, ಬಿಳಿ ಚುಕ್ಕೆಯವಳು, ನೀಲಿಯವಳು ಎಂದು ಅವುಗಳಿಗೆ ಹೆಸರಾಯಿತು. ಸಂಜೆ ಕಾಲೇಜಿನಿಂದ ಬಂದು ಚಹಾ ಲೋಟ ಹಿಡಿದು ಗೋಡೆಯ ಮುಂದೆ ಸ್ಟೂಲು ಹಾಕಿಕೊಂಡರೆ, “ನೀಲಿಯವಳು ಇವತ್ತು ಸೋಮಾರಿ ಆಗಿದಾಳೆ ಅತ್ತಿಗೆ,” ಎಂದು ವರದಿ ಹೇಳುತ್ತಿದ್ದ. ಬೇಸಿಗೆ ರಜೆಯಲ್ಲಂತೂ ಬೆಳಗಿನಿಂದ ಸಂಜೆಯವರೆಗೆ ಅಲ್ಲೇ.

ಒಂದು ಬೇಸಿಗೆಯಲ್ಲಿ ಕೆಂಪು ಚುಕ್ಕೆಯವಳು ಅರ್ಧ ತುಂಬಿದ ಗಡಿಗೆ ಬಿಟ್ಟು ಹೋದವಳು ಮರಳಿ ಬರಲಿಲ್ಲ. ಯಾವುದೋ ಹಕ್ಕಿಯ ಬಾಯಿಗೆ ಬಿದ್ದಿರಬೇಕು. ಗಡಿಗೆ ಬಾಯಿ ತೆರೆದುಕೊಂಡೇ ಇತ್ತು. ಮೈದುನ ಇದ್ದಕ್ಕಿದ್ದಂತೆ, “ಅತ್ತಿಗೆ! ಬೇಗ ಬನ್ನಿ!” ಎಂದು ಕೂಗಿದ. ನಾನು ಬಟ್ಟೆ ಹಿಂಡುತ್ತಿದ್ದವಳು ಒದ್ದೆ ಕೈಯಲ್ಲೇ ಓಡಿದೆ. ಒಂದು ಹುಳ ಆ ಗಡಿಗೆಯ ಬಾಯಿಗೆ ಮಣ್ಣು ಮೆತ್ತುತ್ತಿತ್ತು. “ಬಿಳಿಯವಳು! ಕೆಂಪಿಯ ಗಡಿಗೆಯನ್ನ ಬಿಳಿಯವಳು ಮುಚ್ತಿದಾಳೆ!” ಎಂದು ಅವನು ಪಿಸುಗುಟ್ಟಿದ. ಒಂದು ಹುಳ ಇನ್ನೊಂದರ ಗೂಡಿನಿಂದ ಕದಿಯುತ್ತದೆ ಎಂದು ಅವನು ಓದಿದ್ದನಂತೆ. ತಬ್ಬಲಿ ಗಡಿಗೆಯನ್ನು ಕದಿಯದೆ ಮುಚ್ಚಿ ಕಾಪಾಡುತ್ತದೆ ಎಂದು ಅವನು ಎಲ್ಲಿಯೂ ಓದಿರಲಿಲ್ಲ. ಮುಂದಿನ ಬೇಸಿಗೆಗಳಲ್ಲಿ ಇನ್ನೂ ಕೆಲವು ಸಲ ಅದನ್ನು ಕಂಡೆನೆಂದು ಹೇಳಿದ. ನಾನು ಆಗ ಅಲ್ಲಿರಲಿಲ್ಲ.

ಅವನು ಓದಿದ್ದೆಲ್ಲ ಒಂದೇ ದಪ್ಪ ಪುಸ್ತಕದಿಂದ. ಬೆನ್ನು ಕಿತ್ತು ಬಂದಿದ್ದ ಅದಕ್ಕೆ ನಾನೇ ಪ್ಯಾಂಟಿನ ಬಟ್ಟೆಯ ಹೊದಿಕೆ ಹೊಲಿದುಕೊಟ್ಟಿದ್ದೆ. ಬರೆದವರು ಒಬ್ಬ ದೊಡ್ಡ ಪ್ರೊಫೆಸರ್, ಹುಳಗಳ ವಿಷಯದಲ್ಲಿ ಅವರ ಮಾತೇ ಕೊನೆಯ ಮಾತು. ರೈಲಿನಲ್ಲಿ ಹೊರಟರೆ ಮಧ್ಯಾಹ್ನದೊಳಗೆ ಸೇರಬಹುದಾದ ಊರಿನಲ್ಲಿ ಇದ್ದರು.

“ಅವರಿಗೊಂದು ಕಾಗದ ಬರೆಯೋ,” ಎಂದು ನಾನು ಹೇಳಿದ್ದುಂಟು.

“ಅಂಥವರಿಗೆ ನಾನಾ? ಏನಂತ ಬರೀಲಿ ಅತ್ತಿಗೆ? ನಮ್ಮ ತಾರಸಿ ಗೋಡೆ ನೋಡೋಕೆ ಬನ್ನಿ ಅಂತಲಾ?” ಎಂದು ನಕ್ಕುಬಿಡುತ್ತಿದ್ದ. ಮಕ್ಕಳ ಮುಂದೆ ಗಂಟೆಗಟ್ಟಲೆ ಮಾತಾಡುವವನಿಗೆ ತನಗಿಂತ ದೊಡ್ಡವರ ಮುಂದೆ ನಾಲಿಗೆ ಏಳುತ್ತಿರಲಿಲ್ಲ. ಮೊದಲು ಎಲ್ಲವನ್ನೂ ಚೆನ್ನಾಗಿ ಬರೆದು, ಸರಿಯಾದ ಪತ್ರಿಕೆಯಲ್ಲಿ ಅಚ್ಚಾಗಿ, ಅದು ತಾನಾಗಿ ಅವರ ಕಣ್ಣಿಗೆ ಬೀಳಬೇಕು ಎನ್ನುವುದು ಅವನ ಆಸೆ. ಅವರೊಬ್ಬರು ಓದಿ ಸರಿ ಎಂದರೂ ಸೈ, ತಪ್ಪು ಎಂದರೂ ಸೈ. ಬಡ್ತಿ, ಬಹುಮಾನ ಎಂದು ಅವನ ಬಾಯಲ್ಲಿ ನಾನು ಕೇಳಿದ್ದೇ ಇಲ್ಲ.

ಪ್ರಬಂಧ ಬರೆದು ಮುಗಿಸುವಾಗ ಅವನ ಕನ್ನಡಕ ಎರಡು ಸಲ ಬದಲಾಗಿತ್ತು. ಎಲ್ಲಿಗೆ ಕಳಿಸುವುದೆಂದು ಯೋಚಿಸುತ್ತಿರುವಾಗಲೇ ಅವನ ಇಮೇಲಿಗೆ ಒಂದು ಪತ್ರ ಬಂತು. ನನಗೆ ಓದಿ ಹೇಳಿದ. ‘ಪರಮಪೂಜ್ಯ ವಿದ್ವಾಂಸರೇ’ ಎಂದು ಶುರುವಾಗಿತ್ತು. ತಮ್ಮಂಥ ಶ್ರೇಷ್ಠರ ಬರಹಕ್ಕಾಗಿ ನಮ್ಮ ಪತ್ರಿಕೆ ಕಾದಿದೆ ಎಂದಿತ್ತು.

“ನೀನು ಶ್ರೇಷ್ಠ ಅಂತ ಅವರಿಗೆ ಹೇಳಿದವರ್ಯಾರೋ?” ಎಂದೆ.

“ಅದು ಹಾಗೇ ಬರೀತಾರೆ ಅತ್ತಿಗೆ, ಮರ್ಯಾದೆಗೆ. ಇಲ್ಲಿ ನೋಡಿ, ಇಲ್ಲಿ,” ಎಂದು ಪರದೆಯ ಮೇಲೆ ಬೆರಳಿಟ್ಟ. ಪ್ರಧಾನ ಸಂಪಾದಕರು ಎಂದಿದ್ದ ಕಡೆ ಆ ದೊಡ್ಡ ಪ್ರೊಫೆಸರ ಹೆಸರಿತ್ತು. ಭಾವಚಿತ್ರವೂ ಇತ್ತು. ಆ ಮೇಲೆ ಅವನಿಗೆ ಬೇರೇನೂ ಕಾಣಲಿಲ್ಲ.

ಕಳಿಸಿದ. ವಾರ ತುಂಬುವುದರೊಳಗೆ ಒಪ್ಪಿಗೆ ಬಂತು. ‘ಅತ್ಯುತ್ತಮ, ಯಾವ ತಿದ್ದುಪಡಿಯೂ ಬೇಕಿಲ್ಲ.’ ಕೆಳಗೆ ಪ್ರೊಫೆಸರ ಸಹಿ. ಅದರ ಕೆಳಗೆ ಅಚ್ಚಿನ ಖರ್ಚಿಗೆ ಹಣ ಕಳಿಸಬೇಕೆಂದು ಸಣ್ಣಕ್ಷರ. ಕಳಿಸಿದ. ಆ ದಿನ ಅವನು ತಾರಸಿಯ ಮೇಲೆ ಅಡ್ಡಾಡಿದ್ದನ್ನು ನೋಡಬೇಕಿತ್ತು. ಆರಡಿಯ ಮನುಷ್ಯ, ತಲೆ ಅರ್ಧ ಬೋಳು, ಪರೀಕ್ಷೆ ಪಾಸಾದ ಹುಡುಗನ ಹಾಗೆ ಬಟ್ಟೆಯ ಹಗ್ಗಗಳ ಕೆಳಗೆ ಬಗ್ಗಿ ಬಗ್ಗಿ ಓಡಾಡುತ್ತಿದ್ದ.

“ಅವರು ಓದಿದಾರೆ ಅತ್ತಿಗೆ. ನಮ್ಮ ಗೋಡೆಯನ್ನ ಅವರು ಓದಿದಾರೆ.”

ನಾನು ಕೇಳಿದೆ: “ಏನೂ ಪ್ರಶ್ನೆ ಕೇಳಲಿಲ್ವಾ?”

“ಕೇಳ್ತಾರೆ ಅಂದ್ಕೊಂಡಿದ್ದೆ,” ಎಂದ. ಮತ್ತೆ ನಗುತ್ತ, “ಅಷ್ಟು ಚೆನ್ನಾಗಿ ಬರೆದಿದೀನಿ ಅಂತ ಇಟ್ಕೊಳ್ಳಿ,” ಎಂದ.

ಕಾಲೇಜಿನಲ್ಲಿ ಪ್ರಿನ್ಸಿಪಾಲರು ಹೂಗುಚ್ಛ ಕೊಟ್ಟರು. ವರ್ಷದ ವರದಿಯಲ್ಲಿ ದಪ್ಪಕ್ಷರದಲ್ಲಿ ಹಾಕಿಸಿದರು. ಆ ಬೆನ್ನಿಗೇ ಅದೇ ಪತ್ರಿಕೆಯವರಿಂದ ಇನ್ನೊಂದು ಪತ್ರ. ದೊಡ್ಡ ನಗರದ ಹೋಟೆಲಿನಲ್ಲಿ ವಿಶ್ವ ಸಮ್ಮೇಳನ, ತಾವೇ ಬಂದು ಮಾತಾಡಬೇಕು, ಮುಖ್ಯ ಅತಿಥಿ ಪ್ರೊಫೆಸರ್.

“ನೀವೂ ಬನ್ನಿ ಅತ್ತಿಗೆ. ನಾನು ಅವರ ಮುಂದೆ ಮಾತಾಡೋವಾಗ ನಮ್ಮವರು ಅಂತ ಒಬ್ಬರಾದ್ರೂ ಬೇಡ್ವಾ?”

ಹೋದೆವು. ಹೋಟೆಲಿನ ನೆಲ ಮುಖ ಕಾಣುವಷ್ಟು ನುಣುಪು. ಬಾಗಿಲಲ್ಲೊಂದು ಬೋರ್ಡು, ಅದರ ಮೇಲೆ ಒಂದರ ಕೆಳಗೊಂದು ಸಮ್ಮೇಳನಗಳ ಹೆಸರು. ಮೈದುನ ಓದುತ್ತ ಹೋದ. ಹಲ್ಲಿನ ವಿಜ್ಞಾನ, ಸೇತುವೆ ನಿರ್ಮಾಣ, ಮಹಿಳಾ ಅಧ್ಯಯನ, ಜೀವಶಾಸ್ತ್ರ, ಬ್ಯಾಂಕಿಂಗ್. ಎಲ್ಲಕ್ಕೂ ಒಂದೇ ದಿನ, ಒಂದೇ ಹಾಲ್.

“ಇವರೆಲ್ಲ ಒಟ್ಟಿಗೇ ಕೂತು ಏನು ಮಾತಾಡ್ತಾರೋ?” ಎಂದೆ.

“ದೊಡ್ಡ ಸಮ್ಮೇಳನ ಅಂದ್ರೆ ಹಾಗೇ ಇರುತ್ತೆ ಅತ್ತಿಗೆ,” ಎಂದ. ಅವನ ದನಿ ಆಗಲೇ ಸ್ವಲ್ಪ ಕೆಳಗಿಳಿದಿತ್ತು.

ಒಳಗೆ ಕುರ್ಚಿಗಳು ಬೇಕಾದಷ್ಟಿದ್ದವು, ಜನರು ಇರಲಿಲ್ಲ. ವೇದಿಕೆಯ ನಡುವಿನ ಕುರ್ಚಿಯ ಮುಂದೆ ಪ್ರೊಫೆಸರ ಹೆಸರಿನ ಫಲಕ. ಕುರ್ಚಿ ಖಾಲಿ. ಕೋಟು ಹಾಕಿದ ಒಬ್ಬ ಮ್ಯಾನೇಜರ್ ಮೈಕು ಹಿಡಿದು, ಮುಖ್ಯ ಅತಿಥಿಗಳು ಅನಾರೋಗ್ಯದಿಂದ ಬಂದಿಲ್ಲ, ಆಶೀರ್ವಾದ ಕಳಿಸಿದ್ದಾರೆ ಎಂದ. ಆಮೇಲೆ ಒಬ್ಬೊಬ್ಬರನ್ನೇ ಕರೆದು ಮಾತಿಗೆ ನಿಲ್ಲಿಸಿದ. ಮಾತು ಶುರುವಾಗುವಷ್ಟರಲ್ಲಿ ಫೋಟೋದವನು ಕ್ಲಿಕ್ಕೆನ್ನಿಸುತ್ತಿದ್ದ, ಪ್ರಮಾಣಪತ್ರ ಕೈಗೆ ಬರುತ್ತಿತ್ತು, ಅವರು ಇಳಿದು ಹೊರಗೆ ಹೋಗುತ್ತಿದ್ದರು. ನಮ್ಮ ಪಕ್ಕ ಕುಳಿತಿದ್ದವರು ಹಲ್ಲಿನ ಡಾಕ್ಟರು.

“ನಿಮ್ಮದು ಫೋಟೋ ಆಯ್ತಾ ಸರ್?” ಎಂದು ಮೈದುನನನ್ನು ಕೇಳಿದರು.

“ಇಲ್ಲ, ನಂದು ಭಾಷಣ ಇದೆ.”

“ಅಯ್ಯೋ, ಎಲ್ಲರದ್ದೂ ಇದೆ ಸರ್. ಫೋಟೋ ಆದ್ರೆ ಆಯ್ತಲ್ಲ. ಊಟ ಚೆನ್ನಾಗಿದೆಯಂತೆ, ತಡ ಮಾಡ್ಬೇಡಿ.”

ಮೈದುನನ ಸರದಿ ಬಂತು. ಫೋಟೋ ತೆಗೆದರು. ಅವನು ಇಳಿಯಲಿಲ್ಲ. ಮನೆಯಲ್ಲಿ ನನ್ನ ಮುಂದೆ ಅಭ್ಯಾಸ ಮಾಡಿದ್ದ ಹಾಗೆಯೇ ಶುರುಮಾಡಿದ. ಮೊದಲು ಗೋಡೆ, ಆಮೇಲೆ ಚುಕ್ಕೆ, ಆಮೇಲೆ ಕೆಂಪಿ, ಬಿಳಿ. ಇದ್ದ ನಾಲ್ಕಾರು ಜನ ಫೋನು ನೋಡುತ್ತಿದ್ದರು. ಹಲ್ಲಿನ ಡಾಕ್ಟರು ಮೆಲ್ಲಗೆ ಎದ್ದು ಹೋದರು. ಹಿಂದಿನಿಂದ ಕುರ್ಚಿ ಎತ್ತುವ ಸದ್ದು ಬಂತು. ಮ್ಯಾನೇಜರ್ ಹತ್ತಿರ ಬಂದು, “ಸರ್, ಹಾಲ್ ಖಾಲಿ ಮಾಡ್ಬೇಕು, ಮಧ್ಯಾಹ್ನ ಬೇರೆ ಪಾರ್ಟಿ ಇದೆ,” ಎಂದು ಪರದೆಯ ದೀಪ ಆರಿಸಿದ. ಮೈದುನ ನನ್ನ ಮುಖ ನೋಡಿಕೊಂಡು, ಬರಿಯ ನನಗೇ ಎನ್ನುವಂತೆ, ಕೊನೆಯ ಮಾತಿನವರೆಗೂ ಹೇಳಿ ಇಳಿದ. ನಾನು ಚಪ್ಪಾಳೆ ತಟ್ಟಿದೆ. ಆ ಖಾಲಿ ಕೋಣೆಯಲ್ಲಿ ಅದು ಯಾರೋ ನೊಣ ಹೊಡೆದ ಹಾಗೆ ಕೇಳಿಸಿತು.

ರೈಲಿನಿಂದ ಇಳಿಯುವಾಗ ಅವನು, “ಪಾಪ, ಅವರಿಗೆ ಹುಷಾರಿಲ್ವಂತೆ,” ಎಂದ.

ಅವನ ಕಾಲೇಜಿನ ಗಣಿತದ ಮೇಡಂ ನಮ್ಮ ಮನೆಗೆ ಬಂದು ಹೋಗುತ್ತಿದ್ದ ಹೆಣ್ಣುಮಗಳು. ಇವನಿಗಿಂತ ಬಹಳ ಚಿಕ್ಕವಳು, ಪಿಯುಸಿಯಲ್ಲಿ ಇವನ ಶಿಷ್ಯೆಯೇ. ಸಮ್ಮೇಳನದ ಕಥೆ ಕೇಳಿ ಅವಳ ಮುಖ ಇಳಿದುಹೋಯಿತು. ಪ್ರಮಾಣಪತ್ರವನ್ನು ತಿರುಗಿಸಿ ಮುರುಗಿಸಿ ನೋಡಿ ಮೆಲ್ಲಗೆ ಕೆಳಗಿಟ್ಟು, ಫೋನಿನಲ್ಲಿ ಬಹಳ ಹೊತ್ತು ಹುಡುಕಿದಳು.

“ಸರ್, ಬೇಜಾರು ಮಾಡ್ಕೋಬೇಡಿ. ಈ ಪತ್ರಿಕೆ ಹೆಸರನ್ನ ಸರಿಯಾಗಿ ಓದಿದ್ರಾ?”

“ಯಾಕೆ, ಪ್ರಸಿದ್ಧ ಪತ್ರಿಕೆ.”

“ಪ್ರಸಿದ್ಧವಾದದ್ದು ಬೇರೆ. ಅದರ ಹೆಸರಿಗೆ ಇವರು ಒಂದು ಪದ ಸೇರಿಸಿದಾರೆ ಅಷ್ಟೇ. ಅವಳಿ ಮಕ್ಕಳ ಹಾಗೆ ಕಾಣ್ಲಿ ಅಂತ. ಹುಳದ ಪತ್ರಿಕೆ ಅಂತೀರಲ್ಲ, ಅದರಲ್ಲಿ ಸಿಮೆಂಟಿನ ಲೇಖನ ಇದೆ, ಸಾಲದ ಬಡ್ಡಿ ಲೇಖನ ಇದೆ. ಅವರ ಕಚೇರಿ ವಿಳಾಸ ಹುಡುಕಿದೆ, ಅದೊಂದು ಪಾತ್ರೆ ಅಂಗಡಿ. ಒಳ್ಳೆ ಪತ್ರಿಕೆಯವರು ಓದೋಕೇ ತಿಂಗಳುಗಟ್ಟಲೆ ತಗೋತಾರೆ, ನೂರು ಕೊಂಕು ತೆಗೀತಾರೆ. ಇವರು ವಾರದಲ್ಲಿ ಅತ್ಯುತ್ತಮ ಅಂದ್ರು. ಓದಿದವರು ಹಾಗನ್ನಲ್ಲ ಸರ್.”

“ಪ್ರೊಫೆಸರ ಸಹಿ ಇದೆಯಲ್ಲಮ್ಮ!”

“ಅವರನ್ನೇ ಕೇಳಿದ್ರಾ?”

ಮೈದುನ ಪ್ರಮಾಣಪತ್ರವನ್ನು ಮತ್ತೆ ಕೈಗೆತ್ತಿಕೊಂಡ. ಬೆಳ್ಳಗಿದ್ದದ್ದೆಲ್ಲ ಹಾಲು ಎಂದು ನಂಬುವವನಲ್ಲ ಅವನು. ಹುಳದ ವಿಷಯದಲ್ಲಿ ನಾನು ಏನಾದರೂ ಹೇಳಿದರೆ ‘ಹೇಗೆ ಗೊತ್ತು?’ ಎಂದು ನನ್ನನ್ನೇ ಪಾಟೀ ಸವಾಲು ಹಾಕುವವನು. ಆದರೆ ಆ ಹೆಸರಿನ ಮುಂದೆ ಅವನಿಗೆ ಹೇಗೆ ಗೊತ್ತು ಎಂದು ಕೇಳಲು ಬಾಯಿ ಬರಲಿಲ್ಲ. ಅವನು ಎಡವಿದ್ದು ಅಲ್ಲೇ.

ಆಮೇಲಿನದು ನೋಡಲಾಗದ ಕಾಲ. ಪ್ರಬಂಧ ವಾಪಸು ಕೊಡಿ ಎಂದು ಬರೆದ. ತೆಗೆಯಲು ಮತ್ತೆ ಹಣ ಕೇಳಿದರು. ಕೊಟ್ಟ ಮೇಲೆ ಉತ್ತರವೇ ನಿಂತುಹೋಯಿತು. ಮೇಡಂ ಹೇಳಿದಳೆಂದು ನಿಜವಾದ ಪತ್ರಿಕೆಗೆ ಎಲ್ಲವನ್ನೂ ಬಿಚ್ಚಿ ಬರೆದು ಕಳಿಸಿದ. ಅವರು ಮರ್ಯಾದೆಯಿಂದಲೇ ಉತ್ತರ ಬರೆದರು. ನಿಮ್ಮ ಕಷ್ಟ ಅರ್ಥವಾಗುತ್ತದೆ, ಆದರೆ ಒಂದು ಕಡೆ ಅಚ್ಚಾದದ್ದನ್ನು ನಾವು ಮುಟ್ಟುವಂತಿಲ್ಲ. ಅಂದರೆ ಅಚ್ಚಾಗಿದ್ದರಿಂದಲೇ ಅದನ್ನು ಇನ್ನು ಯಾರೂ ಓದುವ ಹಾಗಿಲ್ಲ. ಒಂದು ದಿನ ನೋಡಿದರೆ ಆ ಕಳ್ಳ ಪತ್ರಿಕೆಯ ಪುಟವೇ ಮಾಯ. ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ.

“ಕದ್ದವರು ಕದ್ದ ಮಾಲನ್ನಾದ್ರೂ ಇಟ್ಕೋತಾರೆ ಅತ್ತಿಗೆ,” ಎಂದ. “ಇವರು ಅದನ್ನೂ ಮಾಡ್ಲಿಲ್ಲ.”

ವರದಿಯಿಂದ ತನ್ನ ಪ್ರಬಂಧದ ಹೆಸರು ತೆಗೆದುಹಾಕಿ ಎಂದು ಪ್ರಿನ್ಸಿಪಾಲರನ್ನು ಕೇಳಿದ. ಅವರು ಬಾಗಿಲು ಹಾಕಿಸಿ ಕೂರಿಸಿಕೊಂಡರಂತೆ.

“ಮೇಷ್ಟ್ರೇ, ನಿಮ್ಮದೊಂದು ಸುಳ್ಳು ಅಂತ ಬರೆದ್ರೆ, ಉಳಿದವರದ್ದೂ ನೋಡಿ ಅಂತಾರೆ. ನಮ್ಮಲ್ಲಿ ಅರ್ಧ ಜನ ಅಲ್ಲೇ ಅಚ್ಚು ಹಾಕಿಸಿರೋದು. ಅವರ ಬಡ್ತಿ ಏನಾಗ್ಬೇಕು? ನೀವು ಬ್ರಹ್ಮಚಾರಿ, ನಿಮಗೇನು. ಸುಮ್ನಿರಿ, ಕಾಲೇಜಿಗೆ ಒಳ್ಳೆ ಹೆಸರು ಬಂದಿದೆ.”

ಆ ಮಾತು ಸ್ಟಾಫ್ ರೂಮಿಗೆ ಸೋರಿತು. ಅಲ್ಲಿಂದ ಅವನೊಡನೆ ಚಹಾ ಕುಡಿಯುವವರು ಕಡಿಮೆಯಾದರು. “ಬಂದ್ರು ನೋಡಿ ಸತ್ಯವಂತರು,” ಎಂದು ಒಬ್ಬರು ಎದುರಿಗೇ ಅಂದರಂತೆ. ಇವನು ಮಾತ್ರ ಹೊಸದಾಗಿ ಸೇರಿದ ಮಕ್ಕಳನ್ನು ಹಿಡಿದು ಕೂರಿಸಿ, ಅಂಥ ಪತ್ರ ಬಂದರೆ ಮೊದಲು ಅದರಲ್ಲಿ ಹೆಸರಿರುವ ಮನುಷ್ಯನಿಗೇ ನೇರವಾಗಿ ಬರೆದು ಕೇಳಿ, ಆ ಪತ್ರಿಕೆಯಲ್ಲಿ ಬಂದದ್ದನ್ನು ನಾಲ್ಕಾದರೂ ಓದಿ, ಹೊಗಳಿಕೆ ಜಾಸ್ತಿ ಇದ್ದಷ್ಟೂ ದೂರ ನಿಲ್ಲಿ ಎಂದು ಹೇಳುತ್ತಿದ್ದ. ಕೆಲವರು ಕೇಳಿದರು. ಕೆಲವರು ಬೆನ್ನ ಹಿಂದೆ ನಕ್ಕರು. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕುತ್ತಿದ್ದಾರೆ ಎಂದರು. ಅವನ ಎದೆನೋವು ಶುರುವಾದದ್ದು ಆಗಲೇ.

ಕೊನೆಗೆ ಪ್ರೊಫೆಸರ ಮನೆಯ ವಿಳಾಸ ಹುಡುಕಿಕೊಟ್ಟವಳೂ ಮೇಡಂ. ಹೊರಡುವ ಬೆಳಿಗ್ಗೆ ಅವನು ಇಸ್ತ್ರಿ ಮಾಡಿದ ಅಂಗಿಯನ್ನೇ ಮತ್ತೆ ಇಸ್ತ್ರಿ ಮಾಡಿದ. ಈ ಸಲ ನನ್ನನ್ನು ಬನ್ನಿ ಎಂದು ಕರೆಯಲಿಲ್ಲ. ನಾನೇ ಚಪ್ಪಲಿ ಮೆಟ್ಟಿ ನಿಂತೆ.

ಬಾಗಿಲು ತೆಗೆದವರು ಪ್ರೊಫೆಸರ ಮಗಳು. ನಮ್ಮ ಮಾತನ್ನೆಲ್ಲ ನಿಂತೇ ಕೇಳಿ, ತಲೆ ಅಲ್ಲಾಡಿಸಿ, ಒಳಗೆ ಕರೆದು ಕೂರಿಸಿದರು.

“ಅಪ್ಪ ಯಾವ ಪತ್ರಿಕೆಗೂ ಸಂಪಾದಕರಾಗಿರ್ಲಿಲ್ಲ. ಅವರ ಹೆಸರನ್ನ ಇನ್ನೂ ಎಲ್ಲೆಲ್ಲೋ ಹಾಕಿದಾರಂತೆ. ಯಾರ್ಯಾರೋ ಫೋನ್ ಮಾಡ್ತಿರ್ತಾರೆ. ಅಪ್ಪನಿಗೆ ಈಗ ನೆನಪು ನಿಲ್ಲಲ್ಲ, ಸಹಿ ಮಾಡೋಕೂ ಬರಲ್ಲ.”

ಮೈದುನ ನೆಲ ನೋಡುತ್ತಿದ್ದ.

“ನೀವು ನೇರವಾಗಿ ಅಪ್ಪನಿಗೇ ಬರೀಬೇಕಿತ್ತು,” ಎಂದರು ಆಕೆ, ಬೈಯುವ ದನಿಯಲ್ಲಲ್ಲ. “ಚೆನ್ನಾಗಿದ್ದಾಗ ಯಾರು ಬರೆದ್ರೂ ಉತ್ತರ ಬರೀತಿದ್ರು. ಶಾಲೆ ಮಕ್ಕಳಿಗೂ. ಕೊನೆಕೊನೆಗೆ ಯಾರೂ ಬರೀತಿರ್ಲಿಲ್ಲ. ಇವತ್ತು ಟಪಾಲು ಬಂತಾ ಅಂತ ದಿನಾ ಕೇಳೋರು.”

ಆ ಮಾತಿಗೆ ಮೈದುನನ ಮುಖ ಹೇಗಾಯಿತೆಂದು ನನಗೆ ಬರೆಯಲು ಬರುವುದಿಲ್ಲ.

ಪ್ರೊಫೆಸರು ಕಿಟಕಿಯ ಪಕ್ಕ ಕಂಬಳಿ ಹೊದ್ದು ಕುಳಿತಿದ್ದರು. ತೆಳ್ಳಗಿನ ಮುದುಕರು, ಹೊಳೆಯುವ ಕಣ್ಣು. ಮಗಳು ಅವರ ಕಿವಿಯಲ್ಲಿ, “ಹುಳದ ವಿಷಯ ಹೇಳೋಕೆ ಬಂದಿದಾರೆ ಅಪ್ಪ,” ಎಂದಾಗ ಕೈಸನ್ನೆಯಿಂದ ಕುರ್ಚಿ ತೋರಿಸಿದರು. ಮೈದುನ ಪ್ರಬಂಧ ತೆಗೆದು ಓದಿದ. ಮೊದಮೊದಲು ತೊದಲಿದ, ಆಮೇಲೆ ಸರಿಹೋಯಿತು. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ನಿದ್ದೆ ಹೋದರೋ ಎಂದು ನನಗೆ ಅನುಮಾನ. ಬಿಳಿಯವಳು ಕೆಂಪಿಯ ಗಡಿಗೆ ಮುಚ್ಚುವಲ್ಲಿಗೆ ಬಂದಾಗ ಫಕ್ಕನೆ ಕಣ್ಣು ತೆರೆದರು.

“ಬೇರೆ ಯಾರಾದ್ರೂ ನೋಡಿದಾರಾ?”

ಮೈದುನ ನನ್ನತ್ತ ತಿರುಗಿದ. ಅವನ ಕಣ್ಣು ತುಂಬಿತ್ತು. ಅಷ್ಟು ಕಾಲವಾದ ಮೇಲೆ ಒಬ್ಬರು ಅವನನ್ನು ಪ್ರಶ್ನೆ ಕೇಳಿದ್ದರು. ಚುಕ್ಕೆ ಹೇಗೆ ಇಟ್ಟೆ, ಎಲ್ಲಿ ಕೂತು ನೋಡಿದೆ, ಬೇರೆಯವರಿಗೆ ಯಾಕೆ ತೋರಿಸಲಾಗಲಿಲ್ಲ ಎಂದು ಒಂದೂ ಬಿಡದೆ ಹೇಳಿದ. ಅವರು ಕಿಟಕಿಯಾಚೆ ನೋಡುತ್ತಿದ್ದವರು ಮತ್ತೆ ತಿರುಗಿ, “ಬೇರೆ ಯಾರಾದ್ರೂ ನೋಡಿದಾರಾ?” ಎಂದರು. ಅವನು ಮತ್ತೆ ಹೇಳಿದ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಮಾತು.

ಮಗಳು ಬಗ್ಗಿ, “ಹಾಲಿನವರು ಬಂದ್ರೂ ಅದನ್ನೇ ಕೇಳ್ತಾರೆ. ತಪ್ಪು ತಿಳ್ಕೋಬೇಡಿ,” ಎಂದರು.

“ಕೇಳ್ಲಿ ಬಿಡಿಮ್ಮ,” ಎಂದ ಮೈದುನ. “ಕೇಳ್ಬೇಕಾದ್ದೇ ಅದು.” ನನ್ನ ಕಡೆ ಕೈ ತೋರಿಸಿ, “ಸರ್, ನಮ್ಮ ಅತ್ತಿಗೆ ಒಂದು ಸಲ ನೋಡಿದಾರೆ,” ಎಂದ.

ಅವರು ನನ್ನತ್ತ ನೋಡಿದರು. ಆ ನೋಟದಲ್ಲಿ ಮರೆವು ಇರಲಿಲ್ಲ.

“ನೀವು ನೋಡಿದ್ರಾ ಅಮ್ಮ?”

ಹೂಂ ಎನ್ನಬಹುದಿತ್ತು. ಅವರಿಗೆ ಮರುಗಳಿಗೆಗೆ ಮರೆತುಹೋಗುತ್ತಿತ್ತು. ಮೈದುನನಿಗೆ ಮರೆಯುತ್ತಿರಲಿಲ್ಲ. ಅವನು ಕತ್ತು ಮುಂದೆ ಚಾಚಿ ನನ್ನ ಬಾಯನ್ನೇ ನೋಡುತ್ತಿದ್ದ. ಸಣ್ಣವನಿದ್ದಾಗ ಬಾಗಿಲ ಹಿಂದಿನಿಂದ ನೋಡಿದ ಹಾಗೆಯೇ.

“ಒಂದು ಹುಳ ಗಡಿಗೆ ಮುಚ್ಚಿದ್ದನ್ನ ನೋಡ್ದೆ ಸರ್,” ಎಂದೆ. “ಅದರ ಬೆನ್ನಿನ ಮೇಲೆ ಬಿಳಿ ಚುಕ್ಕೆ ಇತ್ತೋ, ಕೆಂಪು ಚುಕ್ಕೆ ಇತ್ತೋ ನನಗೆ ಕಾಣ್ಲಿಲ್ಲ. ಬಿಸಿಲು ಕಣ್ಣಿಗೆ ಹೊಡೀತಿತ್ತು. ಬಿಳಿಯವಳು ಅಂತ ಇವನು ಹೇಳ್ದ.”

“ಹಾಗಾದ್ರೆ ನೀವು ನೋಡಿಲ್ಲ,” ಎಂದರು ಅವರು. ಮೈದುನನಿಗೆ, “ಇನ್ನೊಬ್ಬರು ನೋಡ್ಬೇಕು. ಅಲ್ಲೀತನಕ ನಿಮಗೂ ಗೊತ್ತಿಲ್ಲ,” ಎಂದು ಕಂಬಳಿ ಎಳೆದುಕೊಂಡು ಕಣ್ಣು ಮುಚ್ಚಿದರು.

ಹೊರಗೆ ಬಂದು ಮೆಟ್ಟಿಲಿಳಿಯುವಾಗ ಅವನು ಕೈಹಿಡಿಕೆ ಹಿಡಿದು ಅಲ್ಲೇ ಕುಳಿತುಬಿಟ್ಟ. ಮುಖ ಮುಚ್ಚಿಕೊಂಡು ಅತ್ತ. ಬೀದಿಯಲ್ಲಿ ಹೋಗುವವರು ತಿರುಗಿ ನೋಡುತ್ತಿದ್ದರು.

“ನಾನು ಹಾಗೆ ಹೇಳಬಾರ್ದಿತ್ತೇನೋ,” ಎಂದೆ.

“ಅಯ್ಯೋ, ಇಲ್ಲ ಅತ್ತಿಗೆ,” ಎಂದ. ಮೂಗು ಒರೆಸಿಕೊಂಡ. “ನೀವು ಹೂಂ ಅಂದಿದ್ರೆ ನೀವೂ ಆ ಪತ್ರಿಕೆಯವರ ಹಾಗೇ ಆಗ್ತಿದ್ರಿ. ಒಬ್ಬರು, ಒಬ್ಬರೇ ಒಬ್ಬರು ಮೊದಲೇ ಇದನ್ನ ಕೇಳಿದ್ರೆ, ಅಷ್ಟು ಬೇಸಿಗೆ ಇತ್ತಲ್ಲ ಅತ್ತಿಗೆ ನನ್ನ ಕೈಯಲ್ಲಿ. ಯಾರನ್ನಾದ್ರೂ ಪಕ್ಕದಲ್ಲಿ ಕೂರಿಸ್ಕೋತಿದ್ದೆ.”

ಮನೆಗೆ ಬಂದವನು ಹೊಸ ಮನುಷ್ಯನಂತೆ ತಯಾರಿ ಶುರುಮಾಡಿದ. ಬರುವ ಬೇಸಿಗೆಗೆ ಗಣಿತದ ಮೇಡಂ ಗೋಡೆಯ ಆ ಕಡೆ, ತಾನು ಈ ಕಡೆ. ಇಬ್ಬರೂ ಕಂಡದ್ದನ್ನು ಒಬ್ಬರಿಗೊಬ್ಬರು ಹೇಳದೆ ಬರೆಯಬೇಕು, ಕೊನೆಗೆ ಕೂಡಿಸಿ ನೋಡಬೇಕು. “ನನಗೆ ಹುಳ ಕಂಡ್ರೆ ಭಯ ಸರ್,” ಎಂದಳು ಅವಳು. “ಭಯ ಇದ್ದೋರೇ ಸರಿಯಾಗಿ ನೋಡೋದು,” ಎಂದು ಅವಳಿಗೊಂದು ಸ್ಟೂಲು ಮಾಡಿಸಿ ತಂದ.

ಬೇಸಿಗೆ ಬರಲು ಇನ್ನೂ ದಿನವಿತ್ತು. ಚಳಿಗಾಲದಲ್ಲಿ, ಗೋಡೆಯ ಮೇಲೆ ಒಂದು ಹುಳವೂ ಇಲ್ಲದ ಕಾಲದಲ್ಲಿ, ಒಂದು ಬೆಳಿಗ್ಗೆ ಚಹಾ ತಂದುಕೊಟ್ಟು ಎಬ್ಬಿಸಿದೆ. ಏಳಲಿಲ್ಲ. ನಾನು ಇಲ್ಲೇ ಇರುತ್ತೇನೆಂದು ಅವನಿಗೆ ಮಾತು ಕೊಟ್ಟಿದ್ದೆ. ಅವನು ನನಗೆ ಅಂಥ ಮಾತು ಕೊಟ್ಟಿರಲಿಲ್ಲ, ನಿಜ.

ಕಾಲೇಜಿನವರು ಸಂತಾಪ ಸಭೆ ಮಾಡಿದರು. ಮೇಡಂ ನನ್ನನ್ನು ಕರೆದೊಯ್ದು ಮುಂದಿನ ಸಾಲಿನಲ್ಲಿ ಕೂರಿಸಿದಳು. ವೇದಿಕೆಯ ಮೇಲೆ ಬಾಗಿಲಷ್ಟು ಎತ್ತರದ ಚಿತ್ರ. ಆ ಹೋಟೆಲಿನ ಚಿತ್ರವೇ. ಕೈಯಲ್ಲಿ ಪ್ರಮಾಣಪತ್ರ, ಪಕ್ಕದಲ್ಲಿ ಪ್ರೊಫೆಸರ ಹೆಸರಿನ ಖಾಲಿ ಕುರ್ಚಿ, ಹಲ್ಲುನೋವಿನವನು ನಕ್ಕಂತೆ ಅವನ ನಗು. ಪ್ರಿನ್ಸಿಪಾಲರು ಮೈಕಿನ ಮುಂದೆ ನಿಂತು, ನಮ್ಮ ಮೇಷ್ಟ್ರ ಸಂಶೋಧನೆ ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾಗಿ ಜಗತ್ತೇ ಮೆಚ್ಚಿಕೊಂಡಿತು, ವಿಶ್ವ ಸಮ್ಮೇಳನದಲ್ಲಿ ಅವರ ಭಾಷಣಕ್ಕೆ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು ಎಂದರು.

ಚಪ್ಪಾಳೆ ತಟ್ಟಿದವಳು ನಾನೊಬ್ಬಳೇ. ಕುಳಿತಲ್ಲಿಂದಲೇ ತಟ್ಟಿದ್ದೆ.

ನಾನು ಎದ್ದು ನಿಂತೆ. “ಸ್ವಾಮೀ, ಅದು ಬೇಡ. ಅದು ಸುಳ್ಳು ಪತ್ರಿಕೆ. ತೆಗೆದುಹಾಕಿ ಅಂತ ಅವನೇ ನಿಮ್ಮನ್ನ ಕೇಳ್ಕೊಂಡಿದ್ದ.”

ಪ್ರಿನ್ಸಿಪಾಲರು ಕೆಳಗಿಳಿದು ಬಂದು ನನ್ನ ಭುಜ ಹಿಡಿದು, “ಅಮ್ಮಾ, ದುಃಖದಲ್ಲಿದೀರಿ. ಕೂತ್ಕೊಳ್ಳಿ,” ಎಂದರು. ಯಾರೋ ನೀರು ತಂದರು. ಹಿಂದಿನ ಸಾಲಿನಲ್ಲಿ ಒಬ್ಬರು, “ಪಾಪ, ಓದು ಬರಹ ಇಲ್ಲದವರು, ಅವರಿಗೇನು ಗೊತ್ತಾಗುತ್ತೆ,” ಎಂದದ್ದು ಕೇಳಿಸಿತು. ಸಭೆ ಮುಂದುವರಿಯಿತು. ಆ ಚಿತ್ರಕ್ಕೆ ಚೌಕಟ್ಟು ಹಾಕಿಸಿ ಗ್ರಂಥಾಲಯದಲ್ಲಿ ತೂಗುಹಾಕಿದ್ದಾರೆಂದು ಮೇಡಂ ಹೇಳಿದಳು. ಹೊಸ ಮಕ್ಕಳು ಅದನ್ನು ನೋಡಿಯೇ ಒಳಗೆ ಹೋಗುತ್ತಾರಂತೆ.

ಆದ್ದರಿಂದ ಇದನ್ನು ಬರೆದಿದ್ದೇನೆ. ಅಕ್ಷರ ತಪ್ಪಿದ್ದಲ್ಲಿ ಮೇಡಂ ತಿದ್ದಿದ್ದಾಳೆ, ಮಾತು ನನ್ನದೇ. ನನ್ನ ಮೈದುನನ ಪ್ರಬಂಧವನ್ನು ಜಗತ್ತು ಮೆಚ್ಚಲಿಲ್ಲ. ಜಗತ್ತು ಅದನ್ನು ಓದಲೇ ಇಲ್ಲ. ಪೂರ್ತಿ ಕೇಳಿದವರು ಮೂವರು. ಅವರಲ್ಲಿ ಒಬ್ಬರಿಗೆ ಈಗ ನೆನಪಿಲ್ಲ, ಒಬ್ಬರು ಅವರ ಮಗಳು, ಇನ್ನೊಬ್ಬಳು ನಾನು. ಅವನು ಕಂಡದ್ದು ನಿಜವೋ ಅಲ್ಲವೋ ನನಗೆ ಗೊತ್ತಿಲ್ಲ. ಗೊತ್ತಾಗಲಿ ಎಂಬುದೊಂದೇ ಅವನ ಆಸೆಯಾಗಿತ್ತು.